ಮಳೆಗಾಲಕ್ಕೆ ಮನೆ ಸಜ್ಜು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಗಾರು ಸಂಚಿಕೆಗಾಗಿ ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಳೆ, ಗುಡ್ಡ, ಕರೆಂಟು, ಗ್ಯಾಸ್, ಬಾವಿ ಇವುಗಳ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ನಮ್ಮದು ಜಮಖಂಡಿ ಭಾಗದ ಹೊಳೆದಂಡೆಯ ಊರು. ಮಳೆಗಾಲ ಬಂತೆಂದರೆ ಟಿವಿಯಲ್ಲಿ ‘ಇಷ್ಟು ಲಕ್ಷ ಕ್ಯೂಸೆಕ್ ಬಿಟ್ಟರು’ ಅಂತ ದಿನವೂ ಹೇಳುತ್ತಾರೆ. ನಮ್ಮ ಮನೆಗೆ ನೀರು ಬರುತ್ತದೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಎರಡು ಎಮ್ಮೆ, ಒಂದು ಆಕಳು ಇವೆ. ಯಾವಾಗ ಮನೆ ಬಿಡಬೇಕು?

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. ಈ ಲೆಕ್ಕದಿಂದ ಹೆದರಿಕೆ ಹೆಚ್ಚುತ್ತದೆಯೇ ಹೊರತು ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ ಅಂಕಿಯನ್ನು ನಿಮ್ಮೂರ ಗುರುತುಗಳಿಗೆ ಹೊಂದಿಸಿಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೃಷ್ಣೆ ಉಕ್ಕಿದ್ದು ಊರಲ್ಲಿ ಎಲ್ಲರಿಗೂ ನೆನಪಿದೆ. ಆಗ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ನಾಲ್ಕು ಮನೆಯ ಹಿರಿಯರನ್ನು ಕೇಳಿ: ಗುಡಿಯ ಎಷ್ಟನೇ ಮೆಟ್ಟಿಲು, ಸೇತುವೆಯ ಯಾವ ಕಂಬ, ಯಾರ ಮನೆಯ ಕಟ್ಟೆ. ಆ ದಿನಗಳ ಹೊರಹರಿವು ಎಷ್ಟಿತ್ತು ಎಂಬುದು ಹಳೆಯ ಪತ್ರಿಕೆಗಳಲ್ಲಿ ಸಿಗುತ್ತದೆ. ನಿಮ್ಮ ಕಡೆಗೆ ನೋಡಬೇಕಾದ ಅಂಕಿ ಹಿಪ್ಪರಗಿ ಬ್ಯಾರೇಜಿನದು. ಅದಕ್ಕೂ ಮೊದಲು ಸುಳಿವು ಕೊಡುವುದು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜ್ ಮತ್ತು ದೂಧಗಂಗೆ ಕೂಡಿದ ಮೇಲೆ ಚಿಕ್ಕೋಡಿ ಭಾಗದ ಕಲ್ಲೋಳದಲ್ಲಿ ಅಳೆಯುವ ಹರಿವು. ಈ ಎರಡು ಸಾಲಿನ ಪಟ್ಟಿ, ಅಂದರೆ ಇಷ್ಟು ಹರಿವಿಗೆ ನೀರು ಇಲ್ಲಿಗೆ ಎಂಬುದು, ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಮಲಪ್ರಭೆ ದಂಡೆಯವರಿಗೆ ನವಿಲುತೀರ್ಥದ ಅಂಕಿ, ಘಟಪ್ರಭೆಯವರಿಗೆ ಹಿಡಕಲ್ ಅಂಕಿ ಇದೇ ಕೆಲಸ ಮಾಡುತ್ತದೆ.

ಆಮೇಲೆ ಮನೆಯವರೆಲ್ಲ ಕೂತು ಒಂದೇ ಗುರುತು ನಿಶ್ಚಯಿಸಿ. ಊರಿನಿಂದ ಹೊರಹೋಗುವ ರಸ್ತೆಯ ಅತಿ ತಗ್ಗಿನ ಜಾಗ, ಸಾಮಾನ್ಯವಾಗಿ ಹಳ್ಳದ ಸೇತುವೆ, ಅಲ್ಲಿಗೆ ನೀರು ಬರಲು ಒಂದು ಮೊಳ ಬಾಕಿ ಇರುವಾಗ ಹೊರಡುವುದು. ಮನೆಯ ಹೊಸ್ತಿಲಿಗೆ ನೀರು ಬಂದಾಗ ಹೊರಡುತ್ತೇವೆ ಎಂದುಕೊಂಡವರು ಸಿಕ್ಕಿಬೀಳುತ್ತಾರೆ, ಯಾಕೆಂದರೆ ಹೊಸ್ತಿಲಿಗಿಂತ ಮೊದಲು ಮುಳುಗುವುದು ರಸ್ತೆ. ಹರಿಯುವ ನೀರು ಅರ್ಧ ಅಡಿ ಇದ್ದರೂ ಆಳನ್ನು ಕೆಡವುತ್ತದೆ, ಒಂದರಿಂದ ಎರಡು ಅಡಿಗೆ ಕಾರು ತೇಲಲು ಶುರುವಾಗುತ್ತದೆ. ‘ಇನ್ನೊಂದು ತಾಸು ನೋಡೋಣ’ ಎಂಬ ಮಾತಿಗೆ ಅವಕಾಶ ಇರಬಾರದು. ಅದಕ್ಕೇ ಗುರುತನ್ನು ಬಿಸಿಲಿರುವಾಗ, ಮನಸ್ಸು ಸಮಾಧಾನವಾಗಿರುವಾಗ ನಿಶ್ಚಯಿಸಬೇಕು.

ಅತ್ತೆಯವರನ್ನೂ ದನಗಳನ್ನೂ ಈ ಗುರುತಿಗಿಂತ ಒಂದು ದಿನ ಮೊದಲೇ ಕಳುಹಿಸಿ. ಮನೆಯವರು ಕೊನೆಗೂ ಹೊರಡದೆ ಉಳಿಯುವುದು ದನಗಳಿಂದಾಗಿ. ಹೀಗಾಗಿ ದನ ಎಲ್ಲಿ ಕಟ್ಟುವುದು ಎಂಬುದು ಮೊದಲು ಇತ್ಯರ್ಥವಾಗಬೇಕು: ಎತ್ತರದ ಊರಿನ ನೆಂಟರ ಕೊಟ್ಟಿಗೆಯೋ, ತಾಲ್ಲೂಕು ಆಡಳಿತ ತೆರೆಯುವ ಗೋಶಾಲೆಯೋ. ದೊಡ್ಡ ಜಾನುವಾರಿಗೆ ದಿನಕ್ಕೆ 6ರಿಂದ 8 ಕೆ.ಜಿ. ಒಣ ಮೇವು ಬೇಕು. ಮೂರಕ್ಕೆ ಹತ್ತು ದಿನವೆಂದರೆ 1.8ರಿಂದ 2.4 ಕ್ವಿಂಟಲ್. ಕಣಿಕೆಯ ಬಣವೆ ತಗ್ಗಿನಲ್ಲಿದ್ದರೆ ಇಷ್ಟನ್ನಾದರೂ ಮೊದಲೇ ಮೇಲಕ್ಕೆ ಸಾಗಿಸಿ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮುಂಗಾರಿಗೆ ಮುಂಚೆಯೇ ಹಾಕಿಸಿ. ನೆರೆ ಬಂದ ಮೇಲೆ ಹಾಕಿಸಿದರೆ ಶಕ್ತಿ ಬರುವಷ್ಟರಲ್ಲಿ ರೋಗ ಬಂದಿರುತ್ತದೆ. ದನವನ್ನು ಸಾಗಿಸಲು ಆಗಲೇ ಇಲ್ಲ ಎಂದಾದರೆ ಹಗ್ಗ ಬಿಚ್ಚಿ, ಕೊಟ್ಟಿಗೆ ಬಾಗಿಲು ತೆರೆದಿಟ್ಟು ಹೋಗಿ. ಎಮ್ಮೆ ಈಜುತ್ತದೆ, ಆಕಳೂ ಈಜುತ್ತದೆ. ಗೂಟಕ್ಕೆ ಕಟ್ಟಿದ್ದು ಮಾತ್ರ ಸಾಯುತ್ತದೆ.

ಮಾಳಿಗೆ (ಮಣ್ಣು ಹಾಕಿದ ಚಪ್ಪಟೆ ಮಾಡು) ಮನೆಯವರಿಗೆ ಇನ್ನೊಂದು ಮಾತು. ನೀರು ಇಳಿದ ಕೂಡಲೇ ಒಳಗೆ ಹೋಗಬೇಡಿ. ಮಣ್ಣಿನ ಗೋಡೆ ನೀರಲ್ಲಿ ನಿಂತಾಗ ಬೀಳದೆ, ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿಯುವುದು ಸಾಮಾನ್ಯ. ಸುತ್ತಲಿನ ನೀರಿನ ಒತ್ತು ಹೋಗಿರುತ್ತದೆ, ಬುಡ ಕೆಸರಾಗಿರುತ್ತದೆ, ಮೇಲೆ ಮಾಳಿಗೆಯ ಮಣ್ಣು ನೆನೆದು ಇನ್ನಷ್ಟು ಭಾರವಾಗಿರುತ್ತದೆ. ಹೊರಗಿನಿಂದ ಬುಡ ನೋಡಿ. ಸುಣ್ಣ ಉದುರಿ ಒಳಗಿನ ಮಣ್ಣು ಬೆರಳಿಗೆ ಮೆತ್ತಿಕೊಂಡರೆ ಆ ಮನೆಯಲ್ಲಿ ರಾತ್ರಿ ಮಲಗಬೇಡಿ.

ತುರ್ತು ಚೀಲದಲ್ಲಿ ಏನೇನು ಇರಬೇಕು? ನೋಡಿದ ಪಟ್ಟಿಗಳಲ್ಲಿ ನಲವತ್ತು ಐವತ್ತು ಸಾಮಾನಿರುತ್ತವೆ. ಅಷ್ಟು ಹೊರುವುದು ಹೇಗೆ?

ಹೊರಲಾಗದ ಚೀಲ ಇದ್ದೂ ಇಲ್ಲದಂತೆ. ಒಂದು ಕೈಯಲ್ಲಿ ಮಗುವೋ ಮುದುಕರೋ ಇರುತ್ತಾರೆ, ಬೆನ್ನಿನ ಚೀಲ 8 ಕೆ.ಜಿ. ದಾಟದಿರಲಿ. ಅದರಲ್ಲಿ ಮೊದಲ ಜಾಗ ಔಷಧಿಗೆ: ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್ ಮಾತ್ರೆ ಹತ್ತು ದಿನದ್ದು, ಜೊತೆಗೆ ವೈದ್ಯರ ಚೀಟಿ. ಆಮೇಲೆ ಹಳೆಯ ಕನ್ನಡಕ, ಟಾರ್ಚ್, ಸೀಟಿ, ಓಆರ್‌ಎಸ್ ಪೊಟ್ಟಣ, ಸ್ಯಾನಿಟರಿ ಪ್ಯಾಡ್, ಒಂದೊಂದು ಜೊತೆ ಬಟ್ಟೆ, 10,000 ಎಂಎಎಚ್ ಪವರ್ ಬ್ಯಾಂಕ್, ನೂರು ಐವತ್ತರ ನೋಟುಗಳಲ್ಲಿ ಸ್ವಲ್ಪ ಹಣ. ಟವರ್ ಸತ್ತರೆ ಫೋನ್‌ಪೇ ನಡೆಯುವುದಿಲ್ಲ, ಐನೂರಕ್ಕೆ ಚಿಲ್ಲರೆ ಯಾರ ಬಳಿಯೂ ಇರುವುದಿಲ್ಲ. ಟಾರ್ಚಿನ ಸೆಲ್‌ಗಳನ್ನು ಹೊರಗೆ ಬೇರೆ ಕವರಿನಲ್ಲಿಡಿ. ಒಳಗೇ ಇಟ್ಟರೆ ವರ್ಷದಲ್ಲಿ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಬೇಕಾದ ರಾತ್ರಿ ಹತ್ತುವುದಿಲ್ಲ. ಆ ಪವರ್ ಬ್ಯಾಂಕಿನಿಂದ 5,000 ಎಂಎಎಚ್ ಫೋನು ಒಂದೂಕಾಲು ಸಲ ತುಂಬಿದರೆ ಹೆಚ್ಚು. ಮೂರನೇ ಒಂದು ಭಾಗಕ್ಕೂ ಹೆಚ್ಚು ವೋಲ್ಟೇಜ್ ಬದಲಾವಣೆಯಲ್ಲೇ ಹೋಗುವುದುಂಟು.

ಊಟಕ್ಕೆ ಬಿಸ್ಕತ್ತಿಗಿಂತ ನಮ್ಮ ಅವಲಕ್ಕಿ, ಹುರಿಹಿಟ್ಟು, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ ವಾಸಿ. ಒಲೆ ಬೇಡ, ಕೆಡುವುದಿಲ್ಲ, ಹೊಟ್ಟೆ ತುಂಬುತ್ತದೆ.

ಮನೆಯಲ್ಲೇ ಉಳಿಯುವ ಸಂದರ್ಭಕ್ಕೆ ಕುಡಿಯಲು, ಅಡುಗೆಗೆ, ಕೈ ಬಾಯಿ ತೊಳೆಯಲು ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಇಟ್ಟುಕೊಳ್ಳಿ. ಐದು ಜನಕ್ಕೆ ಮೂರು ದಿನಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನ್. ಓಆರ್‌ಎಸ್ ತೀರಿದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ, ಕಣ್ಣಂದಾಜು ಬೇಡ.

ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ: ತೆರೆಯದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವುದು ಸಾಧಾರಣ ತಂಪಿನಲ್ಲಿ ಸುಮಾರು ನಾಲ್ಕು ವಾರ ಹಾಳಾಗುವುದಿಲ್ಲ, ನಿಖರ ಅವಧಿ ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ. ಕರೆಂಟು ಹೋದರೆ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ, ಅದರಲ್ಲಿ ಒಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ. ಐಸ್‌ಗೆ ನೇರ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಬೆಂಗಳೂರಿನಲ್ಲಿ ರಾಜಕಾಲುವೆ ಪಕ್ಕದ ಬಡಾವಣೆ, ನೆಲಮಹಡಿ ಮನೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಬೆಳ್ಳಂದೂರು ಕಡೆ ಆದದ್ದನ್ನು ನೋಡಿದ ಮೇಲೆ ಜೋರು ಮಳೆ ಬಂದರೆ ನಿದ್ದೆ ಇಲ್ಲ. ನೀರು ಒಳಗೆ ಬಂದರೆ ಮೊದಲು ಮೇನ್ ಸ್ವಿಚ್ ತೆಗೆದರೆ ಸಾಕಲ್ಲವೇ? ಯುಪಿಎಸ್ ಇದೆ. ಸಿಲಿಂಡರ್ ಅಡುಗೆಮನೆಯಲ್ಲಿದೆ.

ಸಾಲದು. ಯುಪಿಎಸ್ ಇರುವ ಮನೆಯಲ್ಲಿ ಮೇನ್ ತೆಗೆದ ಕ್ಷಣವೇ ಅದು ‘ಕರೆಂಟು ಹೋಯಿತು’ ಎಂದು ತಿಳಿದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ತೊಡಗುತ್ತದೆ. ಮನೆ ಕತ್ತಲಾಗದಿದ್ದರೆ ಕರೆಂಟು ಇನ್ನೂ ಇದೆ ಎಂದೇ ಅರ್ಥ, ಆದರೆ ಫ್ಯಾನು ದೀಪ ಆರಿಸಿದ್ದಾಗ ಅದೂ ಗೊತ್ತಾಗುವುದಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಫ್ರಿಜ್, ವಾಷಿಂಗ್ ಮಷೀನ್, ಸಂಪ್ ಮೋಟಾರ್ ಪ್ಲಗ್ ಕಿತ್ತು ಮೇಲಕ್ಕೆತ್ತಿ. ನಂತರ ಯುಪಿಎಸ್ ಮುಂಭಾಗದ ಗುಂಡಿ ಒತ್ತಿ ಆಫ್ ಮಾಡಿ, ಅದರ ಪ್ಲಗ್ ಕೂಡ ತೆಗೆಯಿರಿ. ಕೊನೆಗೆ ಮೇನ್. ಇದಿಷ್ಟೂ ನೀರು ಅಂಗಳದಲ್ಲಿ ಇರುವಾಗ, ನಿಮ್ಮ ಕಾಲು ಒಣ ನೆಲದ ಮೇಲೆ ಇರುವಾಗ ಆಗಬೇಕು. ನೆಲ ಒದ್ದೆಯಾದ ಮೇಲೆ ಬೋರ್ಡಿನ ಹತ್ತಿರ ಹೋಗಬೇಡಿ. 1912ಕ್ಕೆ ಫೋನ್ ಮಾಡಿ ಕಂಬದಲ್ಲೇ ಕಡಿತ ಮಾಡಿಸಿ, ಮಹಡಿಗೆ ಹೋಗಿ. ಮನೆ ಮೇಲೆ ಸೋಲಾರ್ ವಿದ್ಯುತ್ ಫಲಕ ಇದ್ದರೆ, ಬಿಸಿಲಿರುವಷ್ಟು ಹೊತ್ತು ಅದರಿಂದ ಇನ್ವರ್ಟರ್‌ವರೆಗಿನ ತಂತಿ ಜೀವಂತವಾಗಿರುತ್ತದೆ. ಆ ತಂತಿಯನ್ನು ಕಡಿಯುವ ಸ್ವಿಚ್, ಅಂದರೆ ಡಿಸಿ ಐಸೊಲೇಟರ್, ಎಲ್ಲಿದೆ ಎಂದು ಅಳವಡಿಸಿದವರಿಂದ ತೋರಿಸಿಕೊಂಡಿರಿ.

ಬಹಳ ಜನ ‘ನಮ್ಮಲ್ಲಿ ಎಂಸಿಬಿ ಇದೆ, ತಾನೇ ಟ್ರಿಪ್ ಆಗುತ್ತದೆ’ ಎಂದು ನಂಬಿದ್ದಾರೆ. 16 ಆಂಪಿಯರ್ ಎಂಸಿಬಿ ಬೀಳುವುದು ಆ ಮಿತಿ ಮೀರಿದಾಗ ಅಥವಾ ಶಾರ್ಟ್ ಆದಾಗ. ಮನುಷ್ಯನ ಜೀವ ತೆಗೆಯಲು ಅದರ ನೂರನೇ ಒಂದು ಭಾಗದಷ್ಟು ಕರೆಂಟು ಸಾಕು, ಅಷ್ಟು ಸಣ್ಣ ಸೋರಿಕೆ ಎಂಸಿಬಿಗೆ ಕಾಣುವುದೇ ಇಲ್ಲ. ಅದನ್ನು ಹಿಡಿಯುವುದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಹೋಗುವ ಕರೆಂಟು, ಮರಳಿ ಬರುವ ಕರೆಂಟು ಎರಡನ್ನೂ ತೂಗಿ, ವ್ಯತ್ಯಾಸ ಕಂಡ ಕೂಡಲೇ ಕಡಿಯುತ್ತದೆ. ಈ ಮಳೆಗಾಲಕ್ಕೆ ಒಂದೇ ಖರ್ಚು ಮಾಡುವ ಶಕ್ತಿ ಇದ್ದರೆ ಅದು ಇದಕ್ಕಿರಲಿ. ಯುಪಿಎಸ್‌ನಿಂದ ಹೊರಬರುವ ಸಾಲಿಗೂ ಬೇರೆಯೇ ಒಂದು ಬೇಕು, ಮೇನ್‌ನಲ್ಲಿರುವುದು ಆ ಸಾಲನ್ನು ಕಾಯುವುದಿಲ್ಲ. ತಿಂಗಳಿಗೊಮ್ಮೆ ‘ಟಿ’ ಎಂದು ಬರೆದ ಗುಂಡಿ ಒತ್ತಿ. ಬೀಳದಿದ್ದರೆ ಬದಲಿಸಿ. ನೀರು ನಿಂತ ಮನೆಯ ಸಾಕೆಟ್, ಸ್ವಿಚ್‌ಗಳು ಒಣಗಿದಂತೆ ಕಂಡರೂ ಒಳಗೆ ಕೆಸರಿನ ಪದರ ಉಳಿದಿರುತ್ತದೆ. ಎಲೆಕ್ಟ್ರಿಷಿಯನ್ ಮೆಗ್ಗರ್ ಇಟ್ಟು ತಂತಿಯ ಹೊದಿಕೆ ಪರೀಕ್ಷಿಸುವವರೆಗೆ ಮೇನ್ ಹಾಕಬೇಡಿ.

ಇನ್ನು ಸಿಲಿಂಡರ್. ತುಂಬಿದ 14.2 ಕೆ.ಜಿ. ಸಿಲಿಂಡರಿನ ಒಟ್ಟು ತೂಕ ಸುಮಾರು 30 ಕೆ.ಜಿ. ಅದು ಪೂರ್ತಿ ಮುಳುಗಿದರೆ ಪಕ್ಕಕ್ಕೆ ಸರಿಸುವ ನೀರು 35 ಕೆ.ಜಿ. ಅದಕ್ಕೇ ಖಾಲಿಯದಿರಲಿ, ತುಂಬಿದ್ದೂ ತೇಲುತ್ತದೆ. ತೇಲಿದರೆ ರಬ್ಬರ್ ಪೈಪ್ ಎಳೆದು ಕಿತ್ತುಕೊಳ್ಳುತ್ತದೆ, ರೆಗ್ಯುಲೇಟರ್ ಆನ್ ಇದ್ದರೆ ಗ್ಯಾಸ್ ಹೊರಬರುತ್ತದೆ. ಮಳೆ ಜೋರಾದ ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ, ಕಳಚಿ, ದಾರಕ್ಕೆ ನೇತಾಡುವ ಪ್ಲಾಸ್ಟಿಕ್ ಕ್ಯಾಪನ್ನು ಬಾಯಿಗೆ ಒತ್ತಿ ಕೂರಿಸಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಿಟಕಿಯ ಸರಳಿಗೆ ಸರಪಳಿ ಅಥವಾ ಹಗ್ಗದಿಂದ ಕಟ್ಟಿ. ಆ ಕ್ಯಾಪನ್ನು ಎಸೆದಿದ್ದರೆ ಮುಂದಿನ ಸಿಲಿಂಡರ್ ಬಂದಾಗ ಕೇಳಿ ಇಟ್ಟುಕೊಳ್ಳಿ. ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ. ಕಿಟಕಿ ಮಾತ್ರವಲ್ಲ, ಬಾಗಿಲನ್ನೂ ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಬದಲಿಸಿ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ಸಂಪ್ ಮುಳುಗಿದಾಗ ನಿಮ್ಮ ಬಳಿ ಉಳಿಯುವ ಶುದ್ಧ ನೀರು ಮೇಲಿನ ಟ್ಯಾಂಕಿನದು ಮಾತ್ರ. ನೀರಿನ ಮಟ್ಟ ನೋಡಿ ತಾನೇ ಮೋಟಾರ್ ಹಾಕುವ ಕಂಟ್ರೋಲರ್ ಇದ್ದರೆ, ಟ್ಯಾಂಕು ಅರ್ಧವಾದ ಕೂಡಲೇ ಅದು ಚರಂಡಿ ನೀರನ್ನು ಮೇಲಕ್ಕೆ ತುಂಬಿಸಿಬಿಡುತ್ತದೆ. ಮಳೆ ಎಚ್ಚರಿಕೆ ಬಂದ ದಿನ ಅದನ್ನು ಮ್ಯಾನುವಲ್‌ಗೆ ತಿರುಗಿಸಿ. ಸಂಪಿನ ಬಾಯಿ ನೆಲಮಟ್ಟದಲ್ಲಿದ್ದರೆ ಕನಿಷ್ಠ ಒಂದು ಅಡಿ ಕಟ್ಟೆ ಏರಿಸಿ. ಒಳಚರಂಡಿ ತುಂಬಿದಾಗ ಕೊಳಚೆ ಮೊದಲು ಉಕ್ಕುವುದು ಬಚ್ಚಲಿನ ಜಾಲರಿ ಮತ್ತು ಕಮೋಡಿನಿಂದ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿ ಎರಡಕ್ಕೂ ಒತ್ತಿಟ್ಟರೆ ಬಹುಪಾಲು ತಡೆಯುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ ಮ್ಯಾನ್‌ಹೋಲಿಗೆ ಸೇರುವ ಪೈಪಿಗೆ, ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್.

ಕೊಡಗಿನಲ್ಲಿ ನಮ್ಮ ಮನೆ ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿದೆ. ಹಿಂದೆ ಹದಿನೈದು ಅಡಿ ಬರೆ (ಗುಡ್ಡ ಕಡಿದಾಗ ಉಳಿದ ನೆಟ್ಟನೆಯ ಮಣ್ಣಿನ ಬದಿ). 2018ರಲ್ಲಿ ಏನೂ ಆಗಲಿಲ್ಲ. ಹಾಗಾದರೆ ನಮ್ಮ ಬರೆ ಗಟ್ಟಿ ಎಂದು ತಿಳಿಯಬಹುದೇ?

ತಿಳಿಯಬೇಡಿ. ಒಂದು ಮಳೆಗಾಲ ತಡೆದ ಬರೆ ಅದೇ ಮಳೆಗೆ ಒಳಗೆ ಸಡಿಲವಾಗಿರಬಹುದು. ಮಣ್ಣಿನ ಕಣಗಳ ನಡುವೆ ನೀರು ತುಂಬಿದಾಗ ಅವು ಒಂದನ್ನೊಂದು ಹಿಡಿದುಕೊಳ್ಳುವ ಬಲ ಕುಗ್ಗುತ್ತದೆ. ಗುಡ್ಡದ ಕಾಲನ್ನು ಮನೆಗೋ ರಸ್ತೆಗೋ ಕಡಿದಿದ್ದರೆ ಕೆಳಗಿನ ಆಸರೆಯೂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಎಷ್ಟೋ ಕಡೆ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನ ಹೆದ್ದಾರಿ ಬದಿಯಲ್ಲಿ ನಾವು ಕಂಡದ್ದು ದಿನಗಟ್ಟಲೆ ಮಳೆ ಕುಡಿದ ಗುಡ್ಡ ಒಮ್ಮೆಲೇ ಇಳಿದದ್ದನ್ನು.

ಈಗ ಮಾಡಬಹುದಾದದ್ದು ನೀರಿನ ದಾರಿ ತಪ್ಪಿಸುವುದು. ಬರೆಯ ನೆತ್ತಿಗಿಂತ ಎರಡು ಮೂರು ಮೀಟರ್ ಹಿಂದೆ ಒಂದು ಬಸಿಗಾಲುವೆ ತೋಡಿ, ತಳಕ್ಕೆ ಕಾಂಕ್ರೀಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಸಿ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ತಳ ಹಾಸದ ಕಾಲುವೆ ನೀರನ್ನು ನೇರ ಬರೆಯೊಳಗೆ ಇಳಿಸುತ್ತದೆ, ಇಲ್ಲದಿದ್ದರೇ ಒಳ್ಳೆಯದು. ಇದೇ ಕಾರಣಕ್ಕೆ ಬರೆಯ ಮೇಲ್ಭಾಗದಲ್ಲಿ ಇಂಗುಗುಂಡಿ, ಕೃಷಿಹೊಂಡ, ಶೌಚದ ಗುಂಡಿ ಬೇಡವೇ ಬೇಡ. ಬಯಲುಸೀಮೆಗೆ ಒಳ್ಳೆಯದಾದ ಇಂಗುಗುಂಡಿ ಕಡಿದಾದ ಗುಡ್ಡದಲ್ಲಿ ಅಪಾಯ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೆಂಚಿನಿಂದ ಬೀಳುವ ನೀರಿಗೆ ದೋಣಿ ಕಟ್ಟಿ ದೂರ ಬಿಡಿ. ತಡೆಗೋಡೆ ಇದ್ದರೆ ಅದರ ನೀರುಗಂಡಿಗಳನ್ನು ನೋಡಿ. ಗೋಡೆಯುದ್ದಕ್ಕೂ ಒಂದೊಂದೂವರೆ ಮೀಟರಿಗೆ 75 ಮಿ.ಮೀ. ಪೈಪು, ಹಿಂದೆ ಜಲ್ಲಿಯ ಪದರ ಇರಬೇಕು. ಮಳೆ ಸುರಿಯುವಾಗ ಪೈಪಿನಲ್ಲಿ ನೀರು ಬರುತ್ತಿದ್ದರೆ ಗೋಡೆ ಕೆಲಸ ಮಾಡುತ್ತಿದೆ. ಎರಡು ದಿನ ಸುರಿದರೂ ಒಣಗಿದ್ದರೆ ಪೈಪು ಕಟ್ಟಿದೆ, ಗೋಡೆ ಹಿಂದೆ ನೀರು ನಿಂತಿದೆ. ಹಾಗೆ ನಿಂತ ನೀರೇ ಗೋಡೆ ಕೆಡವುವುದು. ಸರಳು ಹಾಕಿ ಚುಚ್ಚಿ ಬಿಡಿಸುವ ಕೆಲಸ ಏಪ್ರಿಲ್ ಮೇ ತಿಂಗಳದ್ದು, ಮಳೆಯಲ್ಲಿ ಗೋಡೆಯ ಬುಡಕ್ಕೆ ಹೋಗಬೇಡಿ.

ನೆತ್ತಿಯಲ್ಲಿ ಬಿರುಕು ಕಂಡರೆ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡಿ, ಬಿರುಕಿಗೆ ಜೇಡಿಮಣ್ಣು ತುಂಬಿ ತುಳಿದು ಟಾರ್ಪಾಲು ಮುಚ್ಚಿ. ಮರುದಿನ ಅಂತರ ಹೆಚ್ಚಿದ್ದರೆ ಮನೆ ಖಾಲಿ ಮಾಡಿ, ಗ್ರಾಮ ಪಂಚಾಯಿತಿಗೆ, ತಹಶೀಲ್ದಾರರಿಗೆ ತಿಳಿಸಿ. ಉಳಿದ ಸೂಚನೆಗಳು: ಸಲೀಸಾಗಿ ಹಾಕುತ್ತಿದ್ದ ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು, ಕರೆಂಟು ಕಂಬ ವಾಲುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು. ಜೋರು ಮಳೆಯಲ್ಲೂ ತೋಡಿನ ನೀರು ಒಮ್ಮೆಲೇ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಕುಸಿದು ಕಟ್ಟೆ ಕಟ್ಟಿದೆ ಎಂದರ್ಥ. ಆಗ ಒಂದು ನಿಮಿಷವೂ ಕಾಯದೆ ತೋಡಿನಿಂದ ದೂರ, ಅಡ್ಡ ದಿಕ್ಕಿಗೆ, ಎತ್ತರಕ್ಕೆ ಹೋಗಿ. ಇಳಿಜಾರಿನ ದಿಕ್ಕಿನಲ್ಲೇ ಓಡಿದರೆ ಮಣ್ಣು ಹಿಂದೆಯೇ ಬರುತ್ತದೆ.

ಹವಾಮಾನ ಇಲಾಖೆಯ ಭಾಷೆಯಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ನೆಟ್ಟನೆಯ ಬದಿಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆದರೆ ನಿಮ್ಮ ಅಂಗಳದ ಲೆಕ್ಕ ನಿಮಗೇ ಸಿಗುತ್ತದೆ. ಕೊಡಗಿಗೆ ಇದು ಹೊಸತಲ್ಲ, ಕಾಫಿ ತೋಟದವರು ಮಳೆ ಬರೆದಿಡುತ್ತಲೇ ಬಂದಿದ್ದಾರೆ. ಎರಡು ಮೂರು ದಿನ ಭಾರಿ ಮಳೆ ಸುರಿದು ನೆಲ ನೆನೆದ ಮೇಲೆ ಆರೆಂಜ್ ಅಥವಾ ರೆಡ್ ಅಲರ್ಟ್ ಬಂದರೆ ಆ ರಾತ್ರಿ ಬೇರೆ ಕಡೆ ಮಲಗಿ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಇಳಿದದ್ದು ಬೆಳಗಾಗುವ ಮೊದಲು, ಜನ ಮಲಗಿದ್ದಾಗ. ಹಗಲು ತೋಟ ಮನೆ ನೋಡಿಕೊಳ್ಳಲು ಬನ್ನಿ, ಕತ್ತಲಾಗುವ ಮುಂಚೆ ಹೊರಡಿ.

ನಾನು ದುಬೈಯಲ್ಲಿದ್ದೇನೆ. ಅಪ್ಪ ಅಮ್ಮ ಇಬ್ಬರೇ ಕುಮಟಾ ಹತ್ತಿರ ಅಘನಾಶಿನಿ ತೀರದಲ್ಲಿದ್ದಾರೆ. ನೆರೆ ಬಂದಾಗ ಫೋನೇ ಸಿಗುವುದಿಲ್ಲ. ಇಲ್ಲಿಂದ ಏನು ಮಾಡಬಹುದು?

ಅಲ್ಲಿಂದ 112 ಒತ್ತಿದರೆ ಕರ್ನಾಟಕಕ್ಕೆ ಹೋಗುವುದಿಲ್ಲ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಕೂಡ ಆ ಜಿಲ್ಲೆಯೊಳಗಿನ ಸಂಖ್ಯೆ, ಬೇರೆ ಊರಿನಿಂದ ಮಾಡುವವರು ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಬೇಕು. ಕಾರವಾರದ ಆ ಕೊಠಡಿಯ ಪೂರ್ತಿ ಲ್ಯಾಂಡ್‌ಲೈನ್ ಸಂಖ್ಯೆ, ಕುಮಟಾ ತಹಶೀಲ್ದಾರ್ ಕಚೇರಿ, ಪೊಲೀಸ್ ಠಾಣೆಯ ಸಂಖ್ಯೆಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾದುದು ನಡೆದು ಹೋಗಿ ಬಾಗಿಲು ತಟ್ಟಬಲ್ಲ ಇಬ್ಬರು: ಒಬ್ಬರು ಅದೇ ಕೇರಿಯವರು, ಇನ್ನೊಬ್ಬರು ಹೊಳೆಯಿಂದ ದೂರ, ಎತ್ತರದಲ್ಲಿ ಇರುವವರು. ಇಬ್ಬರಲ್ಲೂ ಮನೆಯ ಕೀಲಿಕೈ ಇರಲಿ. ಮೊದಲನೆಯವರು ಅಪ್ಪ ಅಮ್ಮನನ್ನು ಎರಡನೆಯವರ ಮನೆಗೆ ಮುಟ್ಟಿಸುತ್ತಾರೆ, ಅವರು ನಿಮಗೆ ತಿಳಿಸುತ್ತಾರೆ. ಟವರ್ ದುರ್ಬಲವಾದಾಗ ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುವುದುಂಟು, ವಾಟ್ಸಾಪ್ ಒಂದನ್ನೇ ನಂಬಬೇಡಿ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ‘ಕ್ಷೇಮ’ ಎಂಬ ಒಂದು ಸಂದೇಶ ಸಾಕು, ಉಳಿದ ಹೊತ್ತು ಫೋನ್ ಆಫ್ ಇಟ್ಟರೆ ಚಾರ್ಜು ದಿನಗಟ್ಟಲೆ ಬರುತ್ತದೆ. ಎರಡು ಸಂದೇಶ ತಪ್ಪಿದರೆ ನೀವು ಯಾರಿಗೆ ಫೋನ್ ಮಾಡುತ್ತೀರಿ ಎಂಬುದು ಅವರಿಗೂ ಗೊತ್ತಿರಲಿ. ಇಷ್ಟನ್ನೂ ಬರುವ ರಜೆಗೆ ಬಂದಾಗ ಎದುರು ಕೂತು ಮಾಡಿ, ಫೋನಿನಲ್ಲಿ ಹೇಳಿದರೆ ‘ಆಯ್ತಪ್ಪ’ ಎಂದು ಮರೆತುಬಿಡುತ್ತಾರೆ.

ಉಡುಪಿ ಜಿಲ್ಲೆ. ನೆರೆ ನೀರು ನಮ್ಮ ಬಾವಿಗೆ ಇಳಿದಿತ್ತು. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮುಷ್ಟಿ ಲೆಕ್ಕ ಬಿಟ್ಟು ಬಾವಿ ಅಳೆಯಿರಿ. ಬಾವಿಯ ಅಗಲವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಆಮೇಲೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ 12,560 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕದಲ್ಲಿ 31 ಗ್ರಾಂ ಚಿಲ್ಲರೆ. ‘ಒಳ್ಳೆಯ’ ಎಂದರೆ ಶೇ. 33ರಷ್ಟು ಕ್ಲೋರಿನ್ ಇರುವ ಹೊಸ ಪುಡಿ. ಕಳೆದ ವರ್ಷ ಬಾಯಿ ತೆರೆದಿಟ್ಟ, ಗಂಟುಕಟ್ಟಿದ, ಕಣ್ಣಿಗೆ ಉರಿ ಬಾರದ ಪುಡಿಯಲ್ಲಿ ಉಳಿದಿರುವುದು ಸುಣ್ಣ ಮಾತ್ರ.

ನೆರೆ ನೀರು ಹೊಕ್ಕ ಬಾವಿಯಾದ್ದರಿಂದ ಮೊದಲು ಕಸ ತೆಗೆದು ಕೆಸರು ನೀರು ಹೊರಹಾಕಬೇಕು. ಸುತ್ತ ಅಂತರ್ಜಲ ತುಂಬಿರುವಾಗ ಒಂದೇ ಏಟಿಗೆ ಬರಿದು ಮಾಡಿದರೆ ಹೊರಗಿನ ಒತ್ತಡಕ್ಕೆ ಬಾವಿಯ ಕಟ್ಟು ಒಳಗೆ ಕುಸಿಯಬಹುದು. ಹಾಗಾಗಿ ಸ್ವಲ್ಪ ಸ್ವಲ್ಪವಾಗಿ, ದಿನ ಬಿಟ್ಟು ದಿನ ತೆಗೆಯಿರಿ. ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ನಿಂದ ಇಳಿದವರು ಸತ್ತಿದ್ದಾರೆ, ಎತ್ತಲು ಹೋದವರೂ ಸತ್ತಿದ್ದಾರೆ.

ನಂತರ ಬಕೆಟ್ಟಿನಲ್ಲಿ ಪುಡಿಯನ್ನು ಸ್ವಲ್ಪ ನೀರಲ್ಲಿ ಗಂಜಿಯಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ ಕಲಕಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ, ಅತ್ತ ಇತ್ತ ಜೋರಾಗಿ ಎಳೆದಾಡಿ. ಪುಡಿಯನ್ನು ಹಾಗೇ ಮೇಲಿಂದ ಎರಚಿದರೆ ಅದು ತಳ ಸೇರುತ್ತದೆ, ನೀರು ಗಡುಸಾಗುತ್ತದೆ, ಮೇಲಿನ ನೀರಿಗೆ ಔಷಧಿ ತಾಗುವುದಿಲ್ಲ. ಒಂದು ಗಂಟೆ ಬಿಟ್ಟು ಆರೋಗ್ಯ ಇಲಾಖೆಯವರ ಬಳಿ ಇರುವ ಕ್ಲೋರೊಸ್ಕೋಪಿನಲ್ಲಿ ಪರೀಕ್ಷೆ ಮಾಡಿಸಿ. ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದಿಲ್ಲವೆಂದರೆ ಕೊಳೆಯೇ ಅದನ್ನು ತಿಂದಿದೆ, ಅಷ್ಟೇ ಪ್ರಮಾಣ ಮತ್ತೊಮ್ಮೆ ಹಾಕಬೇಕು. ಈ ಫಲಿತಾಂಶ ಬರುವವರೆಗೆ ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿದ ನೀರನ್ನೇ ಕುಡಿಯಿರಿ.

ಮನೆ ತೊಳೆಯಲು ಲೀಟರಿಗೆ 30 ಗ್ರಾಂ ಪುಡಿಯ ದ್ರಾವಣ ಸಾಕು. ಅದರ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಕೆಸರಲ್ಲಿ ಓಡಾಡಿದವರಿಗೆ ಮುಂದಿನ ದಿನಗಳಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಇಲಿಜ್ವರದ ಶಂಕೆ ಎಂದು ವೈದ್ಯರಿಗೆ ನೆರೆಯ ವಿಷಯ ಹೇಳಲೇಬೇಕು. ಗಾಯವಿದ್ದರೆ ಧನುರ್ವಾಯು ಚುಚ್ಚುಮದ್ದು ಹಾಕಿಸಿ.

ನೆರೆ ಇಳಿದ ಮೇಲೆ ಹಾವಿನ ಕಾಟ. ಕಚ್ಚಿದರೆ ಮೇಲ್ಗಡೆ ಬಿಗಿಯಾಗಿ ಕಟ್ಟಬೇಕಲ್ಲವೇ?

ಕಟ್ಟಬೇಡಿ, ಕುಯ್ಯಬೇಡಿ, ಹೀರಬೇಡಿ. ಬಿಗಿದು ಕಟ್ಟಿದರೆ ರಕ್ತ ಓಡದೆ ಕಾಲು ಕೊಳೆಯುತ್ತದೆ. ಕೊಳಕುಮಂಡಲದ ಕಡಿತದಲ್ಲಿ ಆ ಹಾನಿ ಇನ್ನೂ ಹೆಚ್ಚು. ಉಂಗುರ, ಕಾಲ್ಗೆಜ್ಜೆ ತೆಗೆದು, ಕಚ್ಚಿದ ಕೈ ಕಾಲಿಗೆ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಹೊತ್ತು 108ರಲ್ಲಿ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ. ಹಾವು ಹಿಡಿದು ತರುವ ಅಗತ್ಯವಿಲ್ಲ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ಗುರುತೂ ನೋವೂ ಇಲ್ಲದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಕಂಡರೆ ಅದೇ ಇರಬಹುದೆಂದು ಆಸ್ಪತ್ರೆಗೆ ಓಡಿ. ಕಾಳಜಿ ಕೇಂದ್ರದಲ್ಲಿ ನೆಲದ ಮೇಲೆ ಮಲಗುವವರಿಗೆ ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿದರೆ ಹಾವಿನಿಂದಲೂ ರಕ್ಷಣೆ.

ಮನೆ ಬಿದ್ದರೆ ಪರಿಹಾರಕ್ಕೆ ಯಾವ ಕಾಗದ ಬೇಕು? ಎಲ್ಲ ನೀರಲ್ಲಿ ಹೋದರೆ?

ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮನೆಯ ಹಕ್ಕುಪತ್ರ ಅಥವಾ ಇ-ಸ್ವತ್ತು, ವಿಮೆ ಪಾಲಿಸಿ. ಇವುಗಳ ಪ್ರತಿ ಪ್ಲಾಸ್ಟಿಕ್ ಲಕೋಟೆಯಲ್ಲಿ ತುರ್ತು ಚೀಲದೊಳಗೆ, ಫೋಟೋ ಊರಾಚೆಯ ಮಕ್ಕಳ ಫೋನಿನಲ್ಲಿ ಇರಲಿ. ಪಹಣಿ ಕಳೆದರೆ ಚಿಂತೆಯಿಲ್ಲ, ಭೂಮಿ ತಂತ್ರಾಂಶದಲ್ಲಿ ಮತ್ತೆ ಸಿಗುತ್ತದೆ. ಆಧಾರ್‌ನಂಥವು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಸಿಗದಿರುವುದು ಮನೆ ಮೊದಲು ಹೇಗಿತ್ತು ಎಂಬ ಸಾಕ್ಷಿ. ಈ ವಾರವೇ ಮನೆಯ ನಾಲ್ಕೂ ಗೋಡೆ, ಮಾಡು, ಕೊಟ್ಟಿಗೆ, ಕಿವಿಯ ಓಲೆಯ ಸಂಖ್ಯೆ ಕಾಣುವಂತೆ ದನಗಳು, ಪಂಪ್‌ಸೆಟ್ ಇವುಗಳ ಫೋಟೋ ತೆಗೆದಿಡಿ. ನೆರೆ ಇಳಿದ ಮೇಲೆ ಕೆಸರು ಬಳಿಯುವ ಮುನ್ನ, ಗೋಡೆಯ ಮೇಲಿನ ನೀರಿನ ಗೆರೆ ಕಾಣುವಂತೆ ಅವೇ ಜಾಗಗಳಲ್ಲಿ ನಿಂತು ಮತ್ತೊಮ್ಮೆ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆಗೆ ಬರುವುದು ತಡವಾದರೆ ಎಷ್ಟೋ ಜನ ಬಿದ್ದ ಮಣ್ಣು ತೆಗೆದು ಸ್ವಚ್ಛ ಮಾಡಿಬಿಡುತ್ತಾರೆ, ಪೂರ್ತಿ ಹಾನಿಯಾದ ಮನೆ ಭಾಗಶಃ ಹಾನಿ ಎಂದು ದಾಖಲಾಗುವುದು ಹೀಗೆ. ಪಂಚನಾಮೆಗೆ ಸಹಿ ಹಾಕುವ ಮುನ್ನ ಅದರಲ್ಲಿ ಯಾವ ವರ್ಗ ಬರೆದಿದ್ದಾರೆ ಎಂದು ಓದಿಸಿ ಕೇಳಿ. ಒಪ್ಪಿಗೆಯಾಗದಿದ್ದರೆ ಫೋಟೋಗಳನ್ನು ಲಗತ್ತಿಸಿ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.